ದನಕ್ಕೆ ಹೇಳುವ ಬಣ್ಣ

ನಮ್ಮ ಮನೆಯಲ್ಲಿ ಈ ಕಥೆಯನ್ನು ಹೀಗೆ ಹೇಳುತ್ತಾರೆ: ಎಲ್ಲಿಯದೋ ದೇಶದ ಬಿಳಿಯ ಹೆಂಗಸೊಬ್ಬರು ಮೂಡಬಿದಿರೆಗೆ ಬಂದಿದ್ದರು. ತುಂಬಿದ ಸಭೆಯಲ್ಲಿ ನನ್ನತ್ತ ಕೈ ತೋರಿಸಿ, ‘ಈ ಹುಡುಗಿಯ ಬಣ್ಣಕ್ಕೆ ನಮ್ಮ ಭಾಷೆಯಲ್ಲಿ ಶೇಮಾ ಅನ್ನುತ್ತೇವೆ, ನಿಮ್ಮ ಶ್ಯಾಮಾ ಇದೇ’ ಎಂದರು. ಆ ಮಾತು ಬೆಳ್ತಂಗಡಿಗೆ ಮುಟ್ಟಿತು. ಬೆಳ್ತಂಗಡಿಯವರು ಬಂಟ್ವಾಳಕ್ಕೆ ಹೆಣ್ಣು ನೋಡಲು ಬಂದರು. ಮದುವೆ ಆಯಿತು, ಸುಖವಾಗಿದ್ದಾರೆ.

ಹೇಳುವವರು ನನ್ನ ಸೋದರಮಾವ. ಕೇಳುವವರು ತಲೆದೂಗುತ್ತಾರೆ. ಕಥೆಯಲ್ಲಿರುವ ಹುಡುಗಿ ನಾನು, ಒಳಗಿನಿಂದ ಚಹಾ ತಂದುಕೊಡುತ್ತೇನೆ.

ಇದಕ್ಕೆ ನನ್ನ ಆಕ್ಷೇಪ ಮೂರು. ಒಂದು, ಆ ಹೆಂಗಸು ನನ್ನತ್ತ ಕೈ ತೋರಿಸಲಿಲ್ಲ, ತೋರಿಸಿದವರು ಮಾವನೇ. ಎರಡು, ಆ ಶಬ್ದದ ಅರ್ಥ ಅದಲ್ಲ. ಮೂರನೆಯದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಚರ್ಚಾಸ್ಪರ್ಧೆಯಲ್ಲಿ ನಮಗೆ ಕಲಿಸಿದ್ದು ಅದನ್ನೇ, ನಿಮ್ಮ ವಿರುದ್ಧವೇ ಹೋಗುವ ಅಂಶವನ್ನು ಘಂಟೆ ಹೊಡೆಯುವವರೆಗೆ ಬಾಯಿ ಬಿಡಬೇಡಿ ಎಂದು.

ಮೊದಲು ಬಣ್ಣದ ವಿಷಯ. ನಮ್ಮ ಕಡೆ ಯಾರೂ ಯಾವ ಹುಡುಗಿಯನ್ನೂ ಕಪ್ಪು ಎನ್ನುವುದಿಲ್ಲ. ಅಷ್ಟು ಸಂಸ್ಕಾರ ಎಲ್ಲರಿಗೂ ಉಂಟು. ‘ಎಣ್ಣೆಗೆಂಪು’ ಎಂದರೆ ಸ್ವಲ್ಪ ಎಳೆದು ಹೇಳಿದರೆ ಬಿಳಿ. ‘ಲಕ್ಷಣವಾಗಿದ್ದಾಳೆ’ ಎಂದರೆ ಎಣ್ಣೆಗೆಂಪಿಗೂ ಎಳೆಯಲಾಗದು. ನನ್ನ ಬಗ್ಗೆ ಅಮ್ಮ ಹೇಳುತ್ತಿದ್ದ ಮಾತು ‘ಬಣ್ಣ ಸ್ವಲ್ಪ ಕಡಿಮೆ’. ಬಣ್ಣ ಎಂಬುದು ಸೇರಿನಲ್ಲಿ ಅಳೆದು ಕೊಡುವ ಪದಾರ್ಥ, ನನ್ನ ಸರದಿ ಬಂದಾಗ ಮೂಟೆ ಬರಿದಾಗಿತ್ತು ಎನ್ನುವ ಹಾಗೆ.

ವಿಟ್ಲದ ಕಡೆಯ ಒಂದು ಸಂಬಂಧ ಬಂದು ಹೋಗಿತ್ತು. ಅವರು ಕಡುಬು ತಿಂದರು, ಕಾಫಿ ಕುಡಿದರು, ‘ಮನೆಯಲ್ಲಿ ಕೇಳಿ ತಿಳಿಸ್ತೇವೆ’ ಎಂದರು. ತಿಳಿಸಿದ್ದು ಬೇರೆಯವರ ಬಾಯಿಂದ: ‘ಹುಡುಗಿಗೆ ಮಾತು ಜಾಸ್ತಿ.’

ನಾನು ಮಾವನ ಮೇಲೆ ಹರಿಹಾಯ್ದೆ. “ಅವರ ಎದುರು ನಾನು ಆಡಿದ್ದೇ ಎರಡು ಮಾತು ಮಾವ. ಸಕ್ಕರೆ ಸಾಕಾ, ಇನ್ನೂ ಸ್ವಲ್ಪ ಹಾಕಲಾ. ಇದು ಜಾಸ್ತಿಯಾ?”

“ನಿನಗೆ ಬಿ.ಎ. ಓದಿಸಿದ್ದು ದಂಡ ಮಾರಾಯ್ತಿ,” ಎಂದರು ಮಾವ. “ಮಾತು ಜಾಸ್ತಿ ಅಂದರೆ ಬಣ್ಣ ಕಡಿಮೆ ಅಂತ. ಅಷ್ಟೂ ಗೊತ್ತಾಗುವುದಿಲ್ಲವಾ?”

ನಮ್ಮ ಕಡೆಯ ಮನೆಗಳಲ್ಲಿ ಯಜಮಾನಿಕೆ ಸೋದರಮಾವನದು. ಅಮ್ಮನ ಅಣ್ಣ ಹೇಳಿದ ಮೇಲೆ ಅಪ್ಪನೂ ಒಂದು ಹೆಜ್ಜೆ ಹಿಂದೆ. ಮಾವ ಕೆಟ್ಟವರಲ್ಲ. ಹುಡುಗಿಯನ್ನು ಮಂಗಳೂರಿನ ಕಾಲೇಜಿಗೆ ಕಳುಹಿಸಿದ್ದು ಅವರೇ. ಅವರಿಗೆ ತಾಳಮದ್ದಳೆಯ ಹುಚ್ಚು. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದಕ್ಕೆ ನಾಲ್ಕು ಜನ ಕುಳಿತು ಅರ್ಥ ಹೇಳುತ್ತಾ ಪುರಾಣದ ಪಾತ್ರಗಳಾಗಿ ವಾದಕ್ಕೆ ಬೀಳುವ ಆಟ ಅದು. ಈ ವಾರ ಒಬ್ಬನ ಪಕ್ಷ ಹಿಡಿದು ಗೆದ್ದವರು ಮುಂದಿನ ವಾರ ಅವನ ವೈರಿಯ ಪಕ್ಷದಲ್ಲೂ ಗೆಲ್ಲುತ್ತಾರೆ. ಸಣ್ಣವಳಿದ್ದಾಗ ಮಾವನ ಪಕ್ಕ ಚಾಪೆಯಲ್ಲಿ ಕುಳಿತು ಇದನ್ನೆಲ್ಲ ಕೇಳಿಯೇ ನನ್ನ ನಾಲಿಗೆ ಹರಿತವಾದದ್ದು. ಕಾಲೇಜಿನಲ್ಲಿ ‘ಹೆಣ್ಣಿಗೆ ರೂಪಕ್ಕಿಂತ ವಿದ್ಯೆಯೇ ಭೂಷಣ’ ಎಂಬ ವಿಷಯದ ಮೇಲೆ ಒಂದು ವರ್ಷ ಪರವಾಗಿ ಮಾತಾಡಿ ಕಪ್ ತಂದೆ, ಇನ್ನೊಂದು ವರ್ಷ ವಿರುದ್ಧವಾಗಿ ಮಾತಾಡಿ ಕಪ್ ತಂದೆ. ಎರಡೂ ಕಪ್‌ಗಳನ್ನು ಮಾವ ಮನೆಯ ಮುಂದಿನ ಚಾವಡಿಯ ಗೋಡೆಕಪಾಟಿನಲ್ಲಿ ಅಕ್ಕಪಕ್ಕ ಇಟ್ಟರು. ನಿಜವಾಗಿ ನಾನು ಯಾವ ಪಕ್ಷ ಎಂದು ಅವರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಬಿ.ಎ. ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ಬೇಸಿಗೆಯಲ್ಲಿ ಮೂಡಬಿದಿರೆಯಿಂದ ಮಾವನ ಸ್ನೇಹಿತರಾದ ಹೆಡ್ಮಾಸ್ಟರರು ಹೇಳಿಕಳುಹಿಸಿದರು. ಬಸದಿಯ ತಾಳೆಗರಿಗಳನ್ನು ನೋಡಲು ವಿದೇಶದಿಂದ ಒಬ್ಬ ವಿದ್ವಾಂಸೆ ಬಂದಿದ್ದಾರೆ, ಇಂಗ್ಲಿಷ್ ಬಲ್ಲ ಹೆಣ್ಣುಮಗಳು ಜೊತೆಗೆ ಬೇಕು, ನಿಮ್ಮ ಸೊಸೆಯನ್ನು ಕಳುಹಿಸುತ್ತೀರಾ ಎಂದು. ಮಾವ ನನ್ನನ್ನು ಬಸ್ಸು ಹತ್ತಿಸಿಕೊಂಡು ತಾವೇ ಬಂದರು. ಹೆಡ್ಮಾಸ್ಟರರ ಮನೆಯಲ್ಲಿ ನನ್ನ ವಾಸ. ಆಕೆ ಪ್ರವಾಸಿ ಬಂಗ್ಲೆಯಲ್ಲಿ.

ಬಿಳಿ ಹೆಂಗಸು, ಬಿಳಿ ಹೆಂಗಸು ಎಂದು ಊರೆಲ್ಲ ಹೇಳುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಆಕೆ ಬಿಳಿ ಇರಲಿಲ್ಲ. ನಮ್ಮ ಬಿಸಿಲಿಗೆ ಮುಖ ಮತ್ತು ಕುತ್ತಿಗೆ ಸುಟ್ಟು ಕೆಂಪಾಗಿ, ಅಲ್ಲಲ್ಲಿ ಸಿಪ್ಪೆ ಏಳುತ್ತಿತ್ತು. ಬಿಳಿ ಎನ್ನಬಹುದಾದದ್ದು ಮೊಣಕೈಯ ಒಳಮಗ್ಗುಲು ಮಾತ್ರ. ವಯಸ್ಸು ಐವತ್ತರ ಆಸುಪಾಸು. ಮಜ್ಜಿಗೆಹುಲ್ಲಿನ ಎಣ್ಣೆ ಸವರಿದ ಗರಿಗಳನ್ನು ಆಕೆ ಮಲಗಿದ ಮಗುವಿನ ಕೈ ಎತ್ತಿದ ಹಾಗೆ ಎತ್ತುತ್ತಿದ್ದರು. ಪ್ರಾಕೃತ, ಸಂಸ್ಕೃತ ಓದಿದವರು. ಕನ್ನಡ ಬಾರದು. ಇಂಗ್ಲಿಷ್ ಬಂದರೂ ಅದು ನಮ್ಮ ಪ್ರೊಫೆಸರರ ಇಂಗ್ಲಿಷ್ ಅಲ್ಲ, ಪ್ರತಿ ಶಬ್ದವನ್ನೂ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೊಳೆ ದಾಟಿದಂತೆ ಆಡುತ್ತಿದ್ದರು.

ಯಾವ ದೇಶ ಎಂದು ಕೇಳಿದೆ. ಲಿಥುವೇನಿಯಾ ಎಂದರು. ನಾನು ಕೇಳಿರಲಿಲ್ಲ.

“ನಕ್ಷೆಯಲ್ಲಿ ಹುಡುಕಬೇಡ. ಈಗ ಅದಕ್ಕೆ ಪಕ್ಕದ ದೊಡ್ಡ ದೇಶದ ಬಣ್ಣವನ್ನೇ ಬಳಿದಿದ್ದಾರೆ,” ಎಂದರು. ಯುದ್ಧದ ಕೊನೆಗೆ ಊರು ಬಿಟ್ಟವರು, ಮತ್ತೆ ಹೋಗಲಾಗಿಲ್ಲ.

ಸುಮ್ಮನಿರಬಹುದಿತ್ತು. ನಾನು, “ಹಾಗಾದರೆ ಕಾನೂನಿನ ಪ್ರಕಾರ ನಿಮ್ಮ ದೇಶ ಇಲ್ಲ ಅಂತ ಆಯಿತಲ್ಲ?” ಎಂದೆ.

ಆಕೆ ಕೈಯಲ್ಲಿದ್ದ ಗರಿಯನ್ನು ಹುಷಾರಾಗಿ ಕೆಳಗಿಟ್ಟರು. “ಭಾಷೆ ಇದೆ,” ಎಂದರು.

ಆಕೆಯ ಗೌರವಾರ್ಥ ಶಾಲೆಯ ಸಭಾಂಗಣದಲ್ಲಿ ಒಂದು ಸಂಜೆ ಸಭೆ ಇಟ್ಟರು. ಅದಕ್ಕಾಗಿ ಮಾವ ಬಂಟ್ವಾಳದಿಂದ ಪುನಃ ಬಂದರು. ಬಾರದೆ ಇರುವುದು ಹೇಗೆ, ಮೈಕು ಇತ್ತಲ್ಲ. ಆಕೆ ತನ್ನ ಭಾಷೆಯ ಒಂದೊಂದೇ ಶಬ್ದ ಹೇಳಿ ಪಕ್ಕದಲ್ಲಿ ಸಂಸ್ಕೃತದ ಶಬ್ದ ಇಟ್ಟರು. ಮಗನಿಗೆ ಸೂನುಸ್, ನಮ್ಮಲ್ಲಿ ಸೂನು. ಬೆಂಕಿಗೆ ಉಗ್ನಿಸ್, ನಮ್ಮಲ್ಲಿ ಅಗ್ನಿ. ಹಲ್ಲಿಗೆ ದಾಂತಿಸ್. ಒಂದೊಂದಕ್ಕೂ ಚಪ್ಪಾಳೆ. ಹಿಂದಿನ ಬೆಂಚಿನಿಂದ ಯಾರೋ, “ಅವರು ಇಲ್ಲಿಂದಲೇ ಹೋದವರು ಸಾರ್, ಸಂಶಯವೇ ಇಲ್ಲ!” ಎಂದು ಕೂಗಿದರು. ಆಕೆ ಹಾಗಲ್ಲ, ಎರಡೂ ಭಾಷೆಗಳು ಅಕ್ಕತಂಗಿಯರ ಮಕ್ಕಳಂತೆ ಎಂದು ವಿವರಿಸಿದ್ದನ್ನು ನಾನು ಕನ್ನಡಕ್ಕೆ ಹೇಳಿದೆ. ಯಾರಿಗೂ ಬೇಕಿರಲಿಲ್ಲ.

ಕೊನೆಗೆ ಬಣ್ಣದ ಶಬ್ದ ಯಾವುದಾದರೂ ಉಂಟಾ ಎಂದು ಹೆಡ್ಮಾಸ್ಟರರು ಕೇಳಿದರು. ಆಕೆ ಯೋಚಿಸಿ, “ಶೇಮಸ್. ಹೆಣ್ಣಾದರೆ ಶೇಮಾ. ನಿಮ್ಮ ಶ್ಯಾಮದ ಬಂಧು,” ಎಂದರು. ಎಂಥ ಬಣ್ಣ ಎಂದಾಗ, ಕಪ್ಪಿನೊಳಗೆ ನೀಲಿ, ಮೇಲೆ ಸ್ವಲ್ಪ ಬೂದಿ ಚೆಲ್ಲಿದಂತೆ, ಮಳೆಗೆ ಮುಂಚಿನ ಮೋಡದಂತೆ ಎಂದರು.

ಆಗ ಮಾವ ಎದ್ದು ನಿಂತರು. ಎದ್ದು ನಿಂತ ರೀತಿಯಲ್ಲೇ ನನಗೆ ಹೆದರಿಕೆಯಾಯಿತು. ಕೈಯನ್ನು ಪೂರ್ತಿ ಚಾಚಿ ನನ್ನತ್ತ ತೋರಿಸಿ, “ಮಗಾ, ಅವರಲ್ಲಿ ಕೇಳು. ನಮ್ಮ ಈ ಹುಡುಗಿಯ ಹಾಗೆ ಅಂತ ಹೇಳಬಹುದಾ?” ಎಂದರು.

ಸಭೆಯಲ್ಲಿ ಭಾಷಾಂತರಕ್ಕೆಂದು ನಿಂತವಳು ನಾನೊಬ್ಬಳೇ. ಅಂದರೆ ನನ್ನ ಬಣ್ಣದ ಬಗ್ಗೆ ಕೇಳಿದ ಪ್ರಶ್ನೆಯನ್ನು ನಾನೇ ಭಾಷಾಂತರ ಮಾಡಬೇಕು. ಮಾಡಿದೆ. ಒಂದು ಶಬ್ದವನ್ನೂ ಬಿಡಲಿಲ್ಲ, ವ್ಯಾಕರಣವನ್ನೂ ಕೆಡಿಸಲಿಲ್ಲ. ಆಕೆ ನನ್ನ ಮುಖ ನೋಡಿದರು, ಮಾವನ ಮುಖ ನೋಡಿದರು, ಮತ್ತೆ ನನ್ನ ಮುಖ ನೋಡಿ, “ಹೌದು. ಹೌದು, ಹೇಳಬಹುದು,” ಎಂದರು.

ಅದನ್ನೂ ನಾನೇ ಕನ್ನಡಕ್ಕೆ ಹೇಳಬೇಕಿತ್ತು. “ಹೇಳಬಹುದಂತೆ,” ಎಂದೆ. ಸಭಾಂಗಣ ಚಪ್ಪಾಳೆಯಿಂದ ತುಂಬಿತು.

ಬಂಗ್ಲೆಗೆ ಆಕೆಯನ್ನು ಬಿಟ್ಟು ಬರುವಾಗ ದಾರಿಯುದ್ದಕ್ಕೂ ನಾನು ಶೇಮಾ, ಶೇಮಾ ಎಂದು ತುಟಿಯೊಳಗೇ ಹೇಳಿಕೊಂಡೆ. ಹೆಡ್ಮಾಸ್ಟರರ ಮನೆಯ ಕನ್ನಡಿಯ ಎದುರು ನಿಂತು ನೋಡಿಕೊಂಡೆ. ‘ಬಣ್ಣ ಕಡಿಮೆ’ ಆಗಿದ್ದ ಮುಖ ಅದೇ, ಆದರೆ ಈಗ ಅದಕ್ಕೆ ಒಂದು ಶಬ್ದ ಉಂಟು. ಸಮುದ್ರದಾಚೆಯ ಶಬ್ದ, ಸಂಸ್ಕೃತದಷ್ಟು ಹಳೆಯ ಶಬ್ದ. ಪುರೋಹಿತರು ಹೇಳಿದ್ದಕ್ಕೂ ಜೋಯಿಸರು ಹೇಳಿದ್ದಕ್ಕೂ ‘ಆಧಾರ ಏನು?’ ಎಂದು ಕೇಳುವ ನಾನು ಇದಕ್ಕೆ ಆಧಾರ ಕೇಳಲಿಲ್ಲ.

ಮರುದಿನ ಬಸದಿಗೆ ನಡೆದು ಹೋಗುತ್ತಿದ್ದೆವು. ಎದುರಿನಿಂದ ಯಾರದೋ ಮನೆಯ ದನಗಳು ಬರುತ್ತಿದ್ದವು. ಅವುಗಳ ನಡುವೆ ಒಂದು ಬೂದಿ ಬಣ್ಣದ ಹಸು, ಕುತ್ತಿಗೆಯ ಹತ್ತಿರ ಬಣ್ಣ ದಟ್ಟವಾಗಿ ನೀಲಿಗೆ ತಿರುಗಿತ್ತು. ಆಕೆ ನಡೆಯುತ್ತಿದ್ದವರು ಥಟ್ಟನೆ ನಿಂತರು. ಹೆಗಲಿನ ಚೀಲ ಜಾರಿ ರಸ್ತೆಗೆ ಬಿತ್ತು.

“ಶೇಮಾ!” ಎಂದು ಕರೆದರು. ನನ್ನನ್ನಲ್ಲ. “ಶೇಮಾ, ಶೇಮಾ!”

ಹಸು ನಿಂತಿತು. ಆಕೆ ಅದರ ಹಣೆಗೆ ಅಂಗೈ ಇಟ್ಟು ತನ್ನ ಭಾಷೆಯಲ್ಲಿ ಏನೋ ಹೇಳುತ್ತಲೇ ಇದ್ದರು. ದನ ಹೊಡೆಯುತ್ತಿದ್ದ ಮುದುಕಿ ನನ್ನತ್ತ ನೋಡಿ, “ಎಂತ ಬೇಕಂತೆ ಇವರಿಗೆ? ಕ್ರಯಕ್ಕೆ ಕೇಳ್ತಾರಾ? ಕೊಡುವುದಿಲ್ಲ ಅಂತ ಹೇಳಿ,” ಎಂದಳು.

ನಾನು ಚೀಲ ಹೆಕ್ಕಿ ಕೈಯಲ್ಲಿ ಹಿಡಿದು ನಿಂತಿದ್ದೆ. ದನಗಳು ಹೋದ ಮೇಲೆ ಕೇಳಿದೆ, “ಹಸುವಿಗೂ ಶೇಮಾ ಅನ್ನುತ್ತೀರಾ?”

“ಹಸುವಿಗೇ ಅನ್ನುವುದು,” ಎಂದರು ಆಕೆ, ಕಣ್ಣೊರೆಸಿಕೊಂಡು. “ಹಸು, ಎತ್ತು, ಅಷ್ಟೇ. ಇದೇ ಬೂದಿ ಬಣ್ಣ ಕುದುರೆಗೆ ಇದ್ದರೆ ಶಿರ್ಮಸ್. ಉಣ್ಣೆಗಾದರೆ ಪಿಲ್ಕಸ್. ಮನುಷ್ಯರ ತಲೆಕೂದಲಿಗಾದರೆ ಝಿಲಸ್. ಒಂದರದ್ದು ಇನ್ನೊಂದಕ್ಕೆ ಹೇಳಿದರೆ ನಮ್ಮ ಹಳ್ಳಿಯಲ್ಲಿ ನಗುತ್ತಾರೆ.”

ಇದರಲ್ಲಿ ಆಶ್ಚರ್ಯವಿಲ್ಲ ಎಂದು ನನ್ನ ತಲೆಯ ಒಂದು ಮೂಲೆ ಆಗಲೇ ಲೆಕ್ಕ ಹಾಕಿತ್ತು. ನಮ್ಮಲ್ಲೂ ಕೂದಲು ಮಾತ್ರ ನರೆಯುತ್ತದೆ. ನರೆತ ಮೋಡ, ನರೆತ ಹಸು ಎಂದರೆ ನಮ್ಮವರೂ ನಗುತ್ತಾರೆ. ಆದರೆ ಬಾಯಿಂದ ಬಂದದ್ದು ಬೇರೆ.

“ನಿನ್ನೆ ನನ್ನನ್ನು ನೋಡಿ ಹೌದು ಎಂದಿರಲ್ಲ?”

“ನಿನ್ನ ಮಾವ ಅಷ್ಟು ಆಸೆಯಿಂದ ಕೇಳಿದರು. ನಾನು ಅತಿಥಿ. ಇಲ್ಲ ಎಂದು ಹೇಗೆ ಹೇಳಲಿ?”

“ಸುಳ್ಳು ಹೇಳಿದಿರಿ ಅಂತ ಆಯಿತು.”

ಆಕೆ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು. “ನಿನ್ನ ಬಣ್ಣಕ್ಕೆ ನಮ್ಮಲ್ಲಿ ಶಬ್ದವೇ ಇಲ್ಲ. ಇದ್ದವುಗಳಲ್ಲಿ ಹುಡುಕಿ ನನಗೆ ಅತ್ಯಂತ ಇಷ್ಟದ್ದನ್ನು ಕೊಟ್ಟೆ. ನಮ್ಮ ಮನೆಯಲ್ಲಿ ಒಂದು ಶೇಮಾ ಇತ್ತು. ಎಲ್ಲರೂ ಓಡುವ ಹೊತ್ತಿಗೆ ಅಮ್ಮ, ಇದನ್ನು ಹಾಲು ಕರೆಯದೆ ಬಿಟ್ಟು ಹೇಗೆ ಬರಲಿ, ನೀನು ಮುಂದೆ ಹೋಗಿರು ಎಂದಳು. ನಾನು ಮುಂದೆ ಬಂದೆ.” ಆಮೇಲೆ ಅಮ್ಮನ ಸುದ್ದಿ ಸಿಗಲಿಲ್ಲವಂತೆ.

ಎಂಥವರೂ ಕೈ ಹಿಡಿದು ಸಂತೈಸಬೇಕಾದ ಮಾತು. ನಾನು ಮೊಣಕೈ ಬಿಡಿಸಿಕೊಂಡೆ. ದನ, ದನ, ದನ ಎಂದು ಮೈಯೆಲ್ಲ ಬಿಸಿಯಾಗುತ್ತಿತ್ತು. ನಿನ್ನೆ ರಾತ್ರಿ ಕನ್ನಡಿಯ ಎದುರು ನಿಂತು ತುಟಿಯಲ್ಲಿ ಆಡಿಕೊಂಡದ್ದು ದನದ ಬಣ್ಣವನ್ನು. ಹೀಗೆ ಅವಮಾನವಾದದ್ದಕ್ಕೇ ಇನ್ನೊಂದು ಅವಮಾನ ಹುಟ್ಟಿತು. ನಮ್ಮ ದನದ ಹಟ್ಟಿಯಲ್ಲೂ ಅದೇ ಬಣ್ಣದ ಹಸು ಉಂಟು. ‘ಬೂದಿ’ ಎಂದು ಕರೆಯುತ್ತೇವೆ. ಅದರ ಕೊರಳಿಗೆ ಮುಖ ಒತ್ತಿ ನಾನು ಎಷ್ಟೋ ಸಲ ಅತ್ತಿದ್ದೇನೆ, ವಿಟ್ಲದವರು ಹೋದ ದಿನವೂ.

ಆಕೆ ಮೂಡಬಿದಿರೆಯಿಂದ ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ತಬ್ಬಿಕೊಳ್ಳಲು ಬಂದರು. ನಾನು ಕೈ ಮುಂದೆ ಚಾಚಿದೆ, ಸ್ಪರ್ಧೆ ಮುಗಿದ ಮೇಲೆ ಎದುರು ಪಕ್ಷದವರ ಕೈ ಕುಲುಕುವ ಹಾಗೆ. ಹಸುವಿನ ವಿಷಯಕ್ಕೆ ಕೋಪವೇ ಎಂದು ಕೇಳಿದರು. “ಛೆ, ಖಂಡಿತ ಇಲ್ಲ,” ಎಂದೆ, ಬಹಳ ಶುದ್ಧವಾದ ಇಂಗ್ಲಿಷಿನಲ್ಲಿ.

ನನ್ನನ್ನು ಕರೆದೊಯ್ಯಲು ಬಂದ ಮಾವನಿಗೆ ನಿಜವನ್ನು ಬಂಟ್ವಾಳದ ಬಸ್ಸಿನಲ್ಲೇ ಹೇಳಿದೆ. ಅವರು ಬೀಡಾ ಅಗಿಯುತ್ತಾ ಪೂರ್ತಿ ಕೇಳಿದರು. ಕಿಟಕಿಯಿಂದ ಹೊರಗೆ ಉಗಿದು, “ಸಭೆಯಲ್ಲಿ ಹೌದು ಅಂದಾಗಿದೆ. ಅಧ್ಯಕ್ಷ ಭಾಷಣವೂ ಆಗಿದೆ. ವಂದನಾರ್ಪಣೆ ಆದ ಮೇಲೆ ಖಂಡನೆ ಉಂಟಾ?” ಎಂದರು.

“ಸುಳ್ಳಲ್ಲವಾ ಮಾವ?”

“ನೀನು ಸುಮ್ಮನೆ ಕೂತುಕೋ. ಅಷ್ಟು ಸೂಕ್ಷ್ಮ ಯಾರಿಗೆ ಬೇಕು? ನಾನು ಬೆಳ್ತಂಗಡಿಗೆ ಹೇಳಿ ಕಳಿಸಿಯೂ ಆಯಿತು.”

ಬೆಳ್ತಂಗಡಿಯ ಹುಡುಗನಿಗೆ ಪೇಟೆಯಲ್ಲಿ ಜವುಳಿ ಅಂಗಡಿ. ಹಿರಿಯರ ಮನೆ ನೆರಿಯ ಎಂಬ ಊರಿನ ಕಡೆ. ಹುಡುಗನ ದೊಡ್ಡಪ್ಪ ತಾಳಮದ್ದಳೆಯಲ್ಲಿ ಹೆಸರು ಮಾಡಿದ ಅರ್ಥಧಾರಿ. ಅವರ ಎದುರು ಅರ್ಥ ಹೇಳಲು ಕುಳಿತವರು ಮನೆಗೆ ಹೋಗಿ ಜ್ವರ ಹಿಡಿದು ಮಲಗುತ್ತಾರೆಂದು ಪ್ರತೀತಿ. ಅಂಥವರು ಬರುತ್ತಾರೆಂದು ಮಾವ ಹುಡುಗನನ್ನೂ ಮರೆತು ಸಂಭ್ರಮದಲ್ಲಿದ್ದರು.

ಅವರು ಬರುವ ದಿನ ಅಮ್ಮ ನನಗೆ ಏನೂ ಹೇಳಲಿಲ್ಲ. ಹೇಳಿದ್ದರೆ ವಾದಿಸುತ್ತಿದ್ದೆ. ಪೌಡರಿನ ಡಬ್ಬಿಯನ್ನು ಕನ್ನಡಿಯ ಮುಂದೆ ಇಟ್ಟು, ಇಟ್ಟದ್ದೇ ಗೊತ್ತಿಲ್ಲದವರ ಹಾಗೆ ಅಡಿಗೆಮನೆಗೆ ಹೋದರು. ಹಚ್ಚಿಕೊಂಡವಳು ನಾನು. ಯಾರೂ ಕೈ ಹಿಡಿದು ಹಚ್ಚಲಿಲ್ಲ. ಮೊದಲು ತೆಳ್ಳಗೆ ಹಚ್ಚಿದೆ. ಸಾಲದು ಅನಿಸಿತು. ಇನ್ನೊಂದು ಕೈ ಹಚ್ಚಿದೆ. ಸೆಕೆಗೆ ಬೆವರು ಒಸರಿ ಪೌಡರಿನ ಜೊತೆ ಕಲೆತು ಹರಡಿತು. ಕನ್ನಡಿ ನೋಡಿದೆ. ಬಿಳಿಯಾಗಿರಲಿಲ್ಲ, ನನ್ನದೂ ಆಗಿರಲಿಲ್ಲ. ಕಪ್ಪಿನೊಳಗೆ ನೀಲಿ, ಮೇಲೆ ಬೂದಿ ಚೆಲ್ಲಿದಂತೆ. ಹಟ್ಟಿಯಲ್ಲಿದ್ದ ಬೂದಿಯ ಬಣ್ಣ, ಒಂದಿಷ್ಟೂ ವ್ಯತ್ಯಾಸವಿಲ್ಲ. ಆ ಹೆಂಗಸು ಸುಳ್ಳು ಹೇಳಿದರು ಎಂದೆನಲ್ಲ, ನನ್ನ ಕೈಯಾರೆ ನಾನು ಅದನ್ನು ಸತ್ಯ ಮಾಡಿ ಕುಳಿತಿದ್ದೆ.

ತೊಳೆಯಲು ಹೊತ್ತಿರಲಿಲ್ಲ. ಅಂಗಳದಲ್ಲಿ ದೊಡ್ಡಪ್ಪನ ಕೆಮ್ಮು ಕೇಳಿತು.

ಚಾವಡಿಯಲ್ಲಿ ಬೆಳಕು ಕಡಿಮೆ. ಹೆಣ್ಣು ನೋಡುವುದು ಅಲ್ಲೇ ಆಗಬೇಕು ಎಂದು ಮಾವ ಯೋಚಿಸಿಯೇ ನಿಶ್ಚಯಿಸಿರಬೇಕು. ದೊಡ್ಡಪ್ಪ ಮಣೆಯ ಮೇಲೆ, ಹುಡುಗ ಕಂಬದ ಪಕ್ಕದ ಕುರ್ಚಿಯಲ್ಲಿ. ನಾನು ಬಾಗಿ ಕಾಫಿ ಕೊಟ್ಟು ಬಾಗಿಲ ಬಳಿ ನಿಂತೆ. ಮಾವ ಮೂಡಬಿದಿರೆಯ ಸಭೆಯನ್ನು ವರ್ಣಿಸಲು ಸುರು ಮಾಡಿದರು. ಅವರ ವರ್ಣನೆಯಲ್ಲಿ ಆ ಹೆಂಗಸು ಆಗಲೇ ಕುರ್ಚಿಯಿಂದ ಇಳಿದು ನನ್ನ ಹತ್ತಿರ ನಡೆದುಬಂದಿದ್ದರು.

“ನಿಲ್ಲಿಸಿ,” ಎಂದರು ದೊಡ್ಡಪ್ಪ. “ನಿಮ್ಮ ಅರ್ಥ ಸಾಕು. ಭಾಷೆ ಬಲ್ಲವಳು ಹುಡುಗಿ ಅಲ್ಲವಾ? ಅವಳ ಬಾಯಿಂದಲೇ ಕೇಳುವ. ಏನಮ್ಮ ಆ ಶಬ್ದ?”

“ಶೇಮಾ.”

“ಅರ್ಥ?”

ಮಾವ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಬಾಗಿಲ ಹಿಂದೆ ಅಮ್ಮನ ಬಳೆ ಸದ್ದು ನಿಂತಿತು. ಇಷ್ಟು ವರ್ಷ ವೇದಿಕೆಗಳಲ್ಲಿ ಕಲಿತದ್ದಕ್ಕೆ ಬೆಲೆ ಇದ್ದರೆ ಇದೇ ಗಳಿಗೆಯಲ್ಲಿ ಇರಬೇಕು ಅನಿಸಿತು.

“ಅದು ದನಕ್ಕೆ ಹೇಳುವ ಬಣ್ಣ,” ಎಂದೆ. “ಬೂದಿ ಬಣ್ಣದ ಹಸುವಿಗೆ ಮಾತ್ರ. ಮನುಷ್ಯರಿಗೆ ಹೇಳುವುದಿಲ್ಲ.”

ಕಂಬದ ಕಡೆಯಿಂದ ಒಂದು ಸಣ್ಣ ನಗು ಕೇಳಿತು. ಹುಡುಗ ನಕ್ಕದ್ದು. ನಕ್ಕು ತಲೆ ತಗ್ಗಿಸಿದ.

ದೊಡ್ಡಪ್ಪ ನಗಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದೂಡಿದರು. ತಾಳಮದ್ದಳೆ ಕೇಳಿದವರಿಗೆ ಗೊತ್ತು, ಅದು ಅಪಾಯದ ಸೂಚನೆ.

“ದನಕ್ಕೆ,” ಎಂದರು ನಿಧಾನವಾಗಿ. “ಆಯಿತು. ಶ್ಯಾಮ ಅಂದರೆ ಯಾರು? ಕೃಷ್ಣ. ಆ ಶ್ಯಾಮ ಹೋದದ್ದು ಯಾರ ಹಿಂದೆ? ದನದ ಹಿಂದೆ! ಅಂದ ಮೇಲೆ ಹೆಚ್ಚಿನವರು ಯಾರು? ಹಿಂದೆ ಹೋದವನಾ, ಮುಂದೆ ಹೋದವಳಾ?”

ಮಾವನ ಮುಖ ಅರಳಿತು. “ಭಲೇ!” ಎಂದರು, ಚಾವಡಿ ಎಂಬುದನ್ನೇ ಮರೆತು.

“ಹೊಸ ಮನೆ ಕಟ್ಟಿ ಒಕ್ಕಲಾಗುವಾಗ ಮೊದಲು ಒಳಗೆ ಹೋಗುವುದು ಯಾರು? ಯಜಮಾನನಾ? ಅಲ್ಲ. ಪುರೋಹಿತನಾ? ಅಲ್ಲ. ದನ! ಅವಳು ಹೊಕ್ಕ ಮೇಲೆಯೇ ಅದು ಮನೆ, ಅಲ್ಲಿಯವರೆಗೆ ಬರೀ ಗೋಡೆ. ಹುಡುಗಿ ವಿನಯದಿಂದ ಹೇಳಿದ್ದಾಳೆ, ನಾನು ದೊಡ್ಡ ಮಾತೆಂದು ತೆಗೆದುಕೊಳ್ಳುತ್ತೇನೆ. ನಮ್ಮ ಮನೆಗೂ ಶೇಮಾ ಬರಲಿ!”

ನನ್ನ ನಾಲಿಗೆಯ ತುದಿಯಲ್ಲಿ ಉತ್ತರ ಬಂದು ಕುಳಿತಿತ್ತು. ಸಿದ್ಧವಾಗಿ, ಚೂಪಾಗಿ. ‘ಮನೆ ಹೊಕ್ಕ ದನವನ್ನು ಆಮೇಲೆ ಕಟ್ಟುವುದು ಹಟ್ಟಿಯಲ್ಲೇ ಅಲ್ಲವಾ?’ ಇಷ್ಟೇ. ಇದನ್ನು ಹೇಳಿದ್ದರೆ ಜಿಲ್ಲೆಯ ದೊಡ್ಡ ಅರ್ಥಧಾರಿ ಒಂದು ಕ್ಷಣವಾದರೂ ತಡಬಡಿಸುತ್ತಿದ್ದರು. ನಾನು ಹೇಳಲಿಲ್ಲ. ಮುಗುಳ್ನಕ್ಕೆ. ನಕ್ಕಾಗ ಕೆನ್ನೆಯ ಮೇಲೆ ಒಣಗಿದ ಪೌಡರು ಬಿರಿದದ್ದು ನನಗೇ ಗೊತ್ತಾಯಿತು.

ಇದೇ ನನ್ನ ಮೂರನೆಯ ಅಂಶ. ಮಾವ ಕಥೆ ಕಟ್ಟಿದರು, ದೊಡ್ಡಪ್ಪ ಅರ್ಥ ಕಟ್ಟಿದರು, ಸರಿ. ಆದರೆ ನನಗೆ ಆ ಸಂಬಂಧ ಬೇಕಾಗಿತ್ತು. ಕಂಬದ ಪಕ್ಕದಿಂದ ಬಂದ ಆ ಸಣ್ಣ ನಗು ನನಗೆ ಇಷ್ಟವಾಗಿತ್ತು. ಮನೆಯಲ್ಲಿ ಕೇಳಿ ತಿಳಿಸ್ತೇವೆ ಎಂಬ ಮಾತನ್ನು ಇನ್ನೊಮ್ಮೆ ಕೇಳಲು ನನ್ನಿಂದ ಆಗುತ್ತಿರಲಿಲ್ಲ. ವಿದ್ಯೆಯೇ ಭೂಷಣ ಎಂಬ ವಿಷಯದ ಎರಡೂ ಪಕ್ಷದಲ್ಲಿ ಗೆದ್ದವಳಿಗೆ ತಾನು ಯಾವ ಪಕ್ಷ ಎಂಬುದು ಆ ದಿನ ತಿಳಿಯಿತು. ಚೀಟಿ ಎತ್ತಿ ಸಿಕ್ಕಿದ ಪಕ್ಷವಲ್ಲ, ನಾನೇ ಆರಿಸಿಕೊಂಡದ್ದು.

ಅವರು ಹೋದ ಮೇಲೆ ಹಟ್ಟಿಗೆ ಹೋದೆ. ಅಮ್ಮ ಬೂದಿಗೆ ಅಕ್ಕಿ ತೊಳೆದ ಅಕ್ಕಚ್ಚು ಇಡುತ್ತಿದ್ದರು.

“ನನ್ನನ್ನು ದನ ಅಂದರು ಅಮ್ಮ.”

“ಅಂದದ್ದು ನೀನು. ಅವರು ಹೌದು ಅಂದರು,” ಎಂದರು ಅಮ್ಮ. “ದನ ನೋಡ್ಲಿಕ್ಕೆ ಬಂದವರು ಬಾಯಿ ಬಿಡಿಸಿ ಹಲ್ಲು ಎಣಿಸ್ತಾರೆ. ನಿನ್ನದು ಎಣಿಸ್ಲಿಲ್ಲವಲ್ಲ, ಸುಮ್ಮನಿರು. ಹೋಗಿ ಮುಖ ತೊಳಿ. ಬೂದಿ ಹೆದರ್ತದೆ.”

ಬೂದಿ ಹೆದರಲಿಲ್ಲ. ಎಂದಿನಂತೆ ಮೂಗು ಚಾಚಿ ನನ್ನ ಕೆನ್ನೆ ನೆಕ್ಕಿತು. ಪೌಡರಿನ ರುಚಿಗೆ ತಲೆ ಕೊಡವಿತು.

ಇದೆಲ್ಲ ಆಗಿ ಕೆಲವು ವರ್ಷವಾಯಿತು. ಈಗ ಬೆಳ್ತಂಗಡಿಯಲ್ಲಿ ಅಂಗಡಿಯ ಹಿಂದೆಯೇ ನಮ್ಮ ಮನೆ. ಇವರು ಒಳ್ಳೆಯವರು. ನನ್ನ ವಾದಕ್ಕೆ ಎದುರುವಾದ ಹೂಡುವುದಿಲ್ಲ. ಅದು ಸೋಲೋ ಉಪೇಕ್ಷೆಯೋ ನನಗೆ ಇನ್ನೂ ತಿಳಿದಿಲ್ಲ. ದೊಡ್ಡಪ್ಪ ಬಂದಾಗಲೆಲ್ಲ ‘ಶೇಮಾ, ಕಾಫಿ!’ ಎಂದೇ ಕೂಗುತ್ತಾರೆ. ಪ್ರೀತಿಯಿಂದ.

ಮಗಳಿಗೆ ನನ್ನದೇ ಬಣ್ಣ. ಮಾತೂ ನನ್ನದೇ. ಹೋದ ವಾರ ಮಾವ ಬಂದಿದ್ದರು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಇಡೀ ಕಥೆ ಹೇಳಿದರು. ಈಗ ಬಿಳಿ ಹೆಂಗಸು ನನ್ನ ತಲೆಯ ಮೇಲೆ ಕೈ ಇಟ್ಟು ಹರಸುವವರೆಗೆ ಕಥೆ ಬೆ‍ಳೆದಿದೆ. ‘ನೀನೂ ಶೇಮಾ’ ಎಂದರು. ಮಗು ಓಡಿ ಬಂದು ನನ್ನ ಸೆರಗು ಹಿಡಿದು ಕೇಳಿತು, “ಅಮ್ಮಾ, ಶೇಮಾ ಅಂದರೆ ಚಂದ ಅಂತವಾ?”

ಹೌದು ಎಂದರೆ ಸುಳ್ಳು. ದನ ಎಂದರೆ ಅವಳಿಗೆ ಬೇಸರವೇನೂ ಆಗದು, ಹಟ್ಟಿಗೆ ಓಡಿಹೋಗಿ ನೋಡಿ ಬಂದಾಳು. ಬೇಸರಪಡಲು ಇನ್ನೂ ಯಾರೂ ಅವಳಿಗೆ ಕಲಿಸಿಲ್ಲ. ಅದು ಒಬ್ಬಳು ಅಜ್ಜಿ ಬಿಟ್ಟುಬರಲಾರದೆ ಹೋದ ಹಸುವಿನ ಬಣ್ಣ ಎಂದು ಹೇಳಬಹುದಿತ್ತು. ಆ ಮಾತನ್ನು ಕೇಳಿಸಿಕೊಳ್ಳಬೇಕಾದ ದಿನ ನಾನು ಕೇಳಿಸಿಕೊಂಡಿರಲಿಲ್ಲ, ಈಗ ನನ್ನದೆಂಬಂತೆ ಹೇಳಲು ನಾಲಿಗೆ ಏಳಲಿಲ್ಲ. “ಅಪ್ಪನಲ್ಲಿ ಕೇಳು,” ಎಂದೆ.

ಅವಳು ಅಂಗಡಿಗೆ ಓಡಿದಳು. ನಾನು ಬಾಗಿಲ ಮರೆಯಲ್ಲಿ ನಿಂತೆ. ಇವರು ಗಿರಾಕಿಯೊಬ್ಬರಿಗೆ ಸೀರೆ ತೋರಿಸುತ್ತಿದ್ದರು. ಮಗುವಿನ ತಲೆ ಸವರಿ ಬದಿಗೆ ಸರಿಸಿ, ಸೀರೆಯ ಮಡಿಕೆಯನ್ನು ಎತ್ತಿಕೊಂಡು ಅಂಗಡಿಯ ಮೆಟ್ಟಿಲಿಗೆ ಬಂದು ಬಿಸಿಲಿಗೆ ಬಿಡಿಸಿ ಹಿಡಿದರು. ದಿನಾ ಹೇಳುವ ಮಾತನ್ನೇ ಹೇಳಿದರು, “ಇಲ್ಲಿ ನೋಡಿ ಅಮ್ಮ. ಒಳಗಿನ ಬೆಳಕು ಮೋಸ ಮಾಡ್ತದೆ. ಬಣ್ಣ ನೋಡಬೇಕಾದರೆ ಹೊರಗೇ ನೋಡಬೇಕು.”

ಗಿರಾಕಿ ಹೋದ ಮೇಲೆ ನಾನು ಅಂಗಡಿಯೊಳಗೆ ಹೋಗಿ ಇವರ ಎದುರು ನಿಂತು ಕೇಳಿದೆ. ಇವರು ಸೀರೆಗಳನ್ನು ಒಂದೊಂದಾಗಿ ಮಡಿಸುತ್ತಿದ್ದರು. ಮಡಿಸುತ್ತಲೇ ಇದ್ದರು. ಆದ್ದರಿಂದ ಅದೇ ಪ್ರಶ್ನೆಯನ್ನು ಇಲ್ಲಿ ಬರೆದಿಡುತ್ತೇನೆ: ಎರಡು ಗಜ ಬಟ್ಟೆಯ ಬಣ್ಣ ನಂಬಲು ಬಿಸಿಲಿಗೆ ಬರುವವರು ನೀವು, ಆ ದಿನ ನಮ್ಮ ಚಾವಡಿಯ ಕತ್ತಲಲ್ಲಿ, ಬೆವರಿದ ಪೌಡರಿನ ಹಿಂದೆ, ದೊಡ್ಡಪ್ಪ ಬಾಯಿ ತೆರೆಯುವ ಮೊದಲು ನಕ್ಕಿರಲ್ಲ, ಆಗ ನೀವು ಯಾರನ್ನು ನೋಡಿದಿರಿ?